ಮನೆಯಿಂದ ಕಲಿಯುವ ವಿದ್ಯಾರ್ಥಿಗಳಿಗೆ ತಳಿಶಾಸ್ತ್ರ: ಆನ್‌ಲೈನ್ ಬೋಧನೆಯಲ್ಲಿ ಅನುಸರಿಸಬಹುದಾದ ಕ್ರಮಗಳು

ಕೋವಿಡ್-19ರ ಕಾರಣದಿಂದ 2020ರ ಮಾರ್ಚ್‌ನಲ್ಲಿ ರಾಜ್ಯದ ಶಾಲೆಗಳು ಮುಚ್ಚಿದಾಗ, ಕಲಿಕೆಯನ್ನು ಮಕ್ಕಳ ಮನೆಬಾಗಿಲಿಗೆ ಒಯ್ಯುವ ಹಲವು ಪ್ರಯತ್ನಗಳು ನಡೆದವು. ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ‘ಸಂವೇದ’ ಪಾಠಗಳು ಪ್ರಸಾರವಾದವು. ‘ವಿದ್ಯಾಗಮ’ ಕಾರ್ಯಕ್ರಮದಡಿ ಶಿಕ್ಷಕರು ಊರೂರಿಗೆ ತೆರಳಿ ಜಗಲಿ, ಸಮುದಾಯ ಭವನ ಹಾಗೂ ಮರದ ನೆರಳಿನಲ್ಲಿ ಮಕ್ಕಳನ್ನು ಸೇರಿಸಿಕೊಂಡು ಪಾಠ ಹೇಳಿದರು. ಶಾಲೆಗಳು ಪುನಃ ತೆರೆದ ನಂತರವೂ ಮನೆಯಿಂದ ಕಲಿಯುವವರು ಇಲ್ಲವಾಗಲಿಲ್ಲ. ತೀವ್ರ ಸ್ವರೂಪದ ಅಂಗವೈಕಲ್ಯವುಳ್ಳ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯೇ ನೀಡಿದೆ. ದೀರ್ಘಕಾಲದ ಕಾಯಿಲೆಯಿಂದ ಶಾಲೆಗೆ ಬರಲಾಗದವರು, ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ದಿನಗಟ್ಟಲೆ ಮನೆಯಲ್ಲೇ ಉಳಿಯುವವರು, ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆಗೆ ಕುಳಿತುಕೊಳ್ಳುವವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ.

ಇಂತಹ ವಿದ್ಯಾರ್ಥಿಗಳಿಗೆ ವಿಜ್ಞಾನದ ಎಲ್ಲ ಅಧ್ಯಾಯಗಳನ್ನೂ ಒಂದೇ ರೀತಿಯಲ್ಲಿ ಬೋಧಿಸಲಾಗದು. ಅದರಲ್ಲೂ ಹತ್ತನೇ ತರಗತಿಯ ಅನುವಂಶೀಯತೆಯ ಪಾಠ ಮತ್ತು ಪದವಿಪೂರ್ವ ಜೀವಶಾಸ್ತ್ರದ ತಳಿಶಾಸ್ತ್ರ ಭಾಗಗಳಿಗೆ ಒಂದು ವಿಶೇಷ ಲಕ್ಷಣವಿದೆ. ವಿದ್ಯುತ್ತಿನ ಪಾಠದಲ್ಲಿ ಮನೆಯು ಕುಳಿತು ಕಲಿಯುವ ಸ್ಥಳ ಮಾತ್ರ. ತಳಿಶಾಸ್ತ್ರದಲ್ಲಿ ಮನೆಯೇ ಪಾಠದ ವಸ್ತು. ತಂದೆ-ತಾಯಿ, ಒಡಹುಟ್ಟಿದವರು, ಹೊಲದ ಬೀಜ, ಅಂಗಳದ ಹೂವು ಇವೆಲ್ಲವೂ ಪಠ್ಯದ ಉದಾಹರಣೆಗಳೇ ಆಗಿವೆ. ಆದುದರಿಂದ ಮನೆಯಿಂದ ನಡೆಯುವ ಈ ಪಾಠಕ್ಕೆ ಶಾಲೆಯ ಕೊಠಡಿಗಿಂತ ಹೆಚ್ಚಿನ ಅನುಕೂಲವೂ ಇದೆ, ಹೆಚ್ಚಿನ ಜವಾಬ್ದಾರಿಯೂ ಇದೆ. ಮನೆಯನ್ನು ಪ್ರಯೋಗಶಾಲೆಯಾಗಿ ಬಳಸಿಕೊಳ್ಳುವುದು ಹೇಗೆ ಹಾಗೂ ಅದೇ ವೇಳೆ ಮನೆಯ ನೆಮ್ಮದಿ ಮತ್ತು ಗೌಪ್ಯತೆಗೆ ಭಂಗ ಬಾರದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಈ ಲೇಖನವು ವಿವರಿಸುತ್ತದೆ.

ಪರದೆಯ ಕೆಲಸ ಯಾವುದು, ಮನೆಯ ಕೆಲಸ ಯಾವುದು

ಜೀವಕೋಶದೊಳಗಿನ ವರ್ಣತಂತುಗಳು ಬರಿಗಣ್ಣಿಗೆ ಕಾಣುವುದಿಲ್ಲ. ಅವು ಜೋಡಿಗೂಡಿ, ಬೇರ್ಪಟ್ಟು, ಲಿಂಗಾಣುಗಳಿಗೆ ಹಂಚಿಹೋಗುವುದನ್ನು ತೋರಿಸಲು ಚಲಿಸುವ ಚಿತ್ರಕ್ಕಿಂತ ಉತ್ತಮ ಸಾಧನವಿಲ್ಲ. ಇದು ಪರದೆಯ ಕೆಲಸ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ದೀಕ್ಷಾ ವೇದಿಕೆಯಲ್ಲಿ ದೊರೆಯುವ ವಿಡಿಯೊಗಳು ಇದಕ್ಕೆ ಉಪಯುಕ್ತ. ಆದರೆ ವಿಡಿಯೊವನ್ನು ನೋಡಿದ ಮಾತ್ರಕ್ಕೆ ವಿಷಯವು ಮನನವಾಗುವುದಿಲ್ಲ. ಅದನ್ನು ಕೈಯಿಂದ ಮಾಡಿ ನೋಡಬೇಕಾಗುತ್ತದೆ. ಅದು ಮನೆಯ ಕೆಲಸ.

ಉದಾಹರಣೆಗೆ, ಎರಡು ಬಣ್ಣದ ದಾರಗಳನ್ನು ತೆಗೆದುಕೊಂಡು, ತಾಯಿಯಿಂದ ಬಂದ ವರ್ಣತಂತುಗಳಿಗೆ ಒಂದು ಬಣ್ಣ, ತಂದೆಯಿಂದ ಬಂದವುಗಳಿಗೆ ಇನ್ನೊಂದು ಬಣ್ಣ ಎಂದು ಗೊತ್ತುಮಾಡಬಹುದು. ಉದ್ದನೆಯ ಒಂದು ಜೋಡಿ, ಗಿಡ್ಡನೆಯ ಒಂದು ಜೋಡಿ ಇದ್ದರೆ ಸಾಕು. ಪ್ರತಿ ಜೋಡಿಯಿಂದ ಒಂದೊಂದನ್ನು ಮಾತ್ರ ಆರಿಸಿ ತಟ್ಟೆಯ ಮೇಲೆ ಇಡುತ್ತಾ ಹೋದರೆ, ನಾಲ್ಕು ಬಗೆಯ ಲಿಂಗಾಣುಗಳು ಸಾಧ್ಯವೆಂಬುದು ವಿದ್ಯಾರ್ಥಿಗೆ ತಾನಾಗಿಯೇ ತಿಳಿಯುತ್ತದೆ. ಜೋಡಿಗಳು ಮೂರಾದರೆ ಎಂಟು ಬಗೆ, ನಾಲ್ಕಾದರೆ ಹದಿನಾರು. ಮನುಷ್ಯನಲ್ಲಿ 23 ಜೋಡಿಗಳಿರುವುದರಿಂದ ಈ ಸಂಖ್ಯೆಯು 83,88,608ನ್ನು ಮುಟ್ಟುತ್ತದೆ. ಒಂದೇ ತಾಯಿಯ ಮಕ್ಕಳು ಒಬ್ಬರಂತೆ ಇನ್ನೊಬ್ಬರು ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರದ ಮುಖ್ಯ ಭಾಗ ಇಲ್ಲಿಯೇ ದೊರೆಯುತ್ತದೆ. ವಿದ್ಯಾರ್ಥಿಯು ಹಂತಹಂತವಾಗಿ ತೆಗೆದ ನಾಲ್ಕು ಛಾಯಾಚಿತ್ರಗಳನ್ನು ಕಳುಹಿಸಿದರೆ, ಅವನಿಗೆ ವಿಭಜನೆ ಅರ್ಥವಾಗಿದೆಯೇ ಇಲ್ಲವೇ ಎಂಬುದು ಶಿಕ್ಷಕರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಎರಡು ನಾಣ್ಯಗಳ ಪ್ರಯೋಗ

ಗ್ರೆಗರ್ ಮೆಂಡಲ್ ಅವರು ಈಗ ಚೆಕ್ ಗಣರಾಜ್ಯದಲ್ಲಿರುವ ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿ ಗಿಡಗಳ ಮೇಲೆ ವರ್ಷಗಳ ಕಾಲ ಪ್ರಯೋಗ ನಡೆಸಿ, ಫಲಿತಾಂಶವನ್ನು 1865ರಲ್ಲಿ ಮಂಡಿಸಿ, 1866ರಲ್ಲಿ ಪ್ರಕಟಿಸಿದರು. ದುಂಡು ಬೀಜ ಮತ್ತು ಸುಕ್ಕು ಬೀಜದ ಗಿಡಗಳ ಸಂಕರದ ಎರಡನೇ ಪೀಳಿಗೆಯಲ್ಲಿ ಅವರಿಗೆ ದೊರೆತದ್ದು 7324 ಬೀಜಗಳು. ಅವುಗಳಲ್ಲಿ 5474 ದುಂಡು, 1850 ಸುಕ್ಕು, ಅಂದರೆ 2.96ಕ್ಕೆ 1. ಪಠ್ಯಪುಸ್ತಕಗಳು ಸಾಮಾನ್ಯವಾಗಿ 3:1 ಎಂಬ ಅನುಪಾತವನ್ನಷ್ಟೇ ಹೇಳುತ್ತವೆ. ಆದರೆ ಮೆಂಡಲ್ ಅವರೇ ದಾಖಲಿಸಿರುವಂತೆ, ಒಂದು ಗಿಡದಲ್ಲಿ 43 ದುಂಡು ಬೀಜಗಳಿಗೆ ಕೇವಲ 2 ಸುಕ್ಕು ಬೀಜಗಳಿದ್ದವು. ಮತ್ತೊಂದರಲ್ಲಿ 14 ದುಂಡು ಬೀಜಗಳಿಗೆ 15 ಸುಕ್ಕು ಬೀಜಗಳಿದ್ದವು. ಒಂದೊಂದು ಗಿಡವನ್ನು ಮಾತ್ರ ನೋಡಿದವರಿಗೆ ನಿಯಮವು ಕಾಣುವುದಿಲ್ಲ. ಸಾವಿರಾರು ಬೀಜಗಳನ್ನು ಎಣಿಸಿದವರಿಗೆ ಕಾಣುತ್ತದೆ.

ಈ ಸತ್ಯವನ್ನು ಮನಗಾಣಿಸಲು ಎರಡು ನಾಣ್ಯಗಳು ಸಾಕು. ಒಂದು ನಾಣ್ಯವು ತಂದೆ ಗಿಡ, ಇನ್ನೊಂದು ತಾಯಿ ಗಿಡ. ಎರಡೂ ಮಿಶ್ರತಳಿ ಎಂದು ಭಾವಿಸಬೇಕು. ನಾಣ್ಯದ ಸಿಂಹದ ಮುಖವು ದುಂಡು ಬೀಜದ ವಂಶವಾಹಿ, ಅಂಕಿಯ ಮುಖವು ಸುಕ್ಕು ಬೀಜದ ವಂಶವಾಹಿ. ಎರಡನ್ನೂ ಒಟ್ಟಿಗೆ ಚಿಮ್ಮಿದಾಗ, ಎರಡರಲ್ಲೂ ಅಂಕಿಯೇ ಬಂದರೆ ಮಾತ್ರ ಸುಕ್ಕು ಬೀಜ. ಒಂದರಲ್ಲಾದರೂ ಸಿಂಹ ಬಂದರೆ ದುಂಡು ಬೀಜ. ಪ್ರತಿ ವಿದ್ಯಾರ್ಥಿಯೂ 20 ಬಾರಿ ಚಿಮ್ಮಿ ಲೆಕ್ಕ ಬರೆದುಕೊಳ್ಳಬೇಕು. ದೃಷ್ಟಿದೋಷವುಳ್ಳ ವಿದ್ಯಾರ್ಥಿಯು ನಾಣ್ಯದ ಒಂದು ಮುಖಕ್ಕೆ ತೆಳುವಾದ ಅಂಟುಪಟ್ಟಿ ಹಚ್ಚಿಕೊಂಡರೆ ಬೆರಳ ಸ್ಪರ್ಶದಿಂದಲೇ ಎಣಿಸಬಹುದು.

ನಿಯಮದಂತೆ 20ರಲ್ಲಿ 5 ಸುಕ್ಕು ಬರಬೇಕು. ವಾಸ್ತವವಾಗಿ ಒಂದು ಮನೆಯಲ್ಲಿ 2, ಇನ್ನೊಂದರಲ್ಲಿ 8 ಬರುವುದು ಸಹಜ. ಇಲ್ಲಿಯೇ ಶಿಕ್ಷಕರ ಪಾತ್ರ ಮುಖ್ಯವಾಗುತ್ತದೆ. ‘5 ಬರಲಿಲ್ಲ, ನನ್ನ ಪ್ರಯೋಗ ತಪ್ಪಾಯಿತು’ ಎಂದು ಭಾವಿಸಿ ವಿದ್ಯಾರ್ಥಿಯು ಅಂಕಿಯನ್ನು ತಿದ್ದದಂತೆ ಮೊದಲೇ ತಿಳಿಸಬೇಕು. ಬಂದ ಅಂಕಿಯೇ ಸರಿಯಾದ ಅಂಕಿ. 40 ಮನೆಗಳ ಅಂಕಿಗಳನ್ನು ಕೂಡಿಸಿದಾಗ ಒಟ್ಟು 800 ಚಿಮ್ಮುವಿಕೆಗಳಾಗುತ್ತವೆ. ಆಗ ಸುಕ್ಕು ಬೀಜದ ಸಂಖ್ಯೆಯು 200ರ ಆಸುಪಾಸಿಗೆ, ಬಹುತೇಕ 175ರಿಂದ 225ರ ನಡುವೆ ಬಂದು ನಿಲ್ಲುತ್ತದೆ. ಚದುರಿದ ಮನೆಗಳೆಲ್ಲ ಸೇರಿ ಒಂದು ತೋಟವಾದಂತಾಗುತ್ತದೆ. ಈ ಪ್ರಯೋಗಕ್ಕೆ ಸ್ಮಾರ್ಟ್‌ಫೋನ್ ಕೂಡ ಬೇಕಾಗಿಲ್ಲ. ಪ್ರತಿ ಮನೆಯಿಂದ ಬರಬೇಕಾದದ್ದು ಒಂದೇ ಒಂದು ಅಂಕಿ. ಅದನ್ನು ಸಾಧಾರಣ ಫೋನಿನಿಂದ ಕರೆ ಮಾಡಿಯೂ ಹೇಳಬಹುದು, ಸಂದೇಶದ ಮೂಲಕವೂ ಕಳುಹಿಸಬಹುದು.

‘ಪ್ರಬಲ’ ಮತ್ತು ‘ದುರ್ಬಲ’ ಪದಗಳ ಬಗ್ಗೆ

ಕನ್ನಡ ಪಠ್ಯದಲ್ಲಿ ಬಳಕೆಯಲ್ಲಿರುವ ‘ಪ್ರಬಲ’, ‘ದುರ್ಬಲ’ ಎಂಬ ಪದಗಳು ದಿನಬಳಕೆಯ ಮಾತುಗಳೂ ಆಗಿರುವುದರಿಂದ ಗೊಂದಲ ಉಂಟಾಗುತ್ತದೆ. ಪ್ರಬಲ ಲಕ್ಷಣವೆಂದರೆ ಒಳ್ಳೆಯದು, ಶಕ್ತಿಯುಳ್ಳದ್ದು, ಹೆಚ್ಚು ಜನರಲ್ಲಿ ಇರುವಂಥದ್ದು ಎಂದೂ, ದುರ್ಬಲವೆಂದರೆ ಕುಂದುಳ್ಳದ್ದು ಎಂದೂ ವಿದ್ಯಾರ್ಥಿಗಳು ಭಾವಿಸುತ್ತಾರೆ. ಶಾಲೆಯಲ್ಲಿ ಶಿಕ್ಷಕರು ಮಕ್ಕಳ ಮುಖಭಾವ ನೋಡಿಯೇ ಇದನ್ನು ತಿದ್ದಬಲ್ಲರು. ದೂರದಲ್ಲಿರುವಾಗ ಅದು ಆಗದು. ಆದುದರಿಂದ ಪಾಠದ ಆರಂಭದಲ್ಲೇ ಇದನ್ನು ಸ್ಪಷ್ಟಪಡಿಸುವುದು ಅವಶ್ಯ.

ಇದಕ್ಕೆ ಎರಡು ಉದಾಹರಣೆಗಳು ಸಾಕಾಗುತ್ತವೆ. ‘ಒ’ ರಕ್ತದ ಗುಂಪು ದುರ್ಬಲ ಲಕ್ಷಣ. ಆದರೂ ಅದು ನಮ್ಮ ರಾಜ್ಯದಲ್ಲಿ ಬಹಳ ಸಾಮಾನ್ಯವಾದ ಗುಂಪು ಮತ್ತು ಅದರಿಂದ ಯಾವ ಕೊರತೆಯೂ ಇಲ್ಲ. ಕೈಯಲ್ಲಿ ಆರು ಬೆರಳಿರುವುದು ಅನೇಕ ಕುಟುಂಬಗಳಲ್ಲಿ ಪ್ರಬಲ ಲಕ್ಷಣವಾಗಿ ಇಳಿದುಬರುತ್ತದೆ. ಆದರೂ ಅದು ವಿರಳ. ಪ್ರಬಲವೆಂದರೆ ಒಂದು ಪ್ರತಿ ಇದ್ದರೂ ಹೊರಗೆ ಕಾಣಿಸಿಕೊಳ್ಳುವುದು, ದುರ್ಬಲವೆಂದರೆ ಎರಡು ಪ್ರತಿ ಇದ್ದಾಗ ಮಾತ್ರ ಕಾಣಿಸಿಕೊಳ್ಳುವುದು ಎಂಬಷ್ಟೇ ಅದರ ಅರ್ಥ.

ಹೊಲ ಮತ್ತು ಅಂಗಳದ ಉದಾಹರಣೆಗಳು

ಕೃಷಿಕ ಕುಟುಂಬದ ವಿದ್ಯಾರ್ಥಿಗಳ ಮನೆಯಲ್ಲಿ ತಳಿಶಾಸ್ತ್ರದ ಒಂದು ನಿಯಮವು ಈಗಾಗಲೇ ಅನುಭವದಿಂದ ತಿಳಿದಿರುತ್ತದೆ. ಹೈಬ್ರಿಡ್ ಮೆಕ್ಕೆಜೋಳದ ಅಥವಾ ಹತ್ತಿಯ ಬೀಜವನ್ನು ಬಿತ್ತಿದ ವರ್ಷ ಬೆಳೆಯು ಒಂದೇ ಸಮನಾಗಿ ಏಳುತ್ತದೆ. ಆ ಬೆಳೆಯಿಂದಲೇ ಬೀಜ ಉಳಿಸಿಕೊಂಡು ಮರುವರ್ಷ ಬಿತ್ತಿದರೆ ಗಿಡಗಳು ಏರುಪೇರಾಗುತ್ತವೆ, ಇಳುವರಿಯೂ ತಗ್ಗುತ್ತದೆ. ಇದಕ್ಕೆ ಕಾರಣವೇನೆಂದು ಮನೆಯ ಹಿರಿಯರನ್ನು ಕೇಳಿ ಅವರ ಮಾತನ್ನು ಬರೆದುಕೊಂಡು ಬರುವಂತೆ ವಿದ್ಯಾರ್ಥಿಗೆ ಸೂಚಿಸಬಹುದು. ನಂತರ ಮೆಂಡಲ್ ಅವರ ಬಟಾಣಿಯೊಂದಿಗೆ ಅದನ್ನು ಹೋಲಿಸಬೇಕು. ಮೊದಲ ಪೀಳಿಗೆಯಲ್ಲಿ ಎಲ್ಲ ಗಿಡಗಳೂ ಮಿಶ್ರತಳಿಗಳಾಗಿದ್ದು ಒಂದೇ ರೀತಿ ಇರುತ್ತವೆ. ಎರಡನೇ ಪೀಳಿಗೆಯಲ್ಲಿ ವಂಶವಾಹಿಗಳು ಬೇರ್ಪಟ್ಟು ಹೊಸದಾಗಿ ಜೋಡಿಯಾಗುವುದರಿಂದ ಹಲವು ಬಗೆಯ ಗಿಡಗಳು ಹುಟ್ಟುತ್ತವೆ. ಬಟಾಣಿಯಲ್ಲಿ ಒಂದು ಲಕ್ಷಣದಲ್ಲಿ ಕಂಡದ್ದು, ಹತ್ತಿಯಲ್ಲಿ ನೂರಾರು ಲಕ್ಷಣಗಳಲ್ಲಿ ಏಕಕಾಲಕ್ಕೆ ನಡೆಯುತ್ತದೆ.

ಈ ವಿಷಯದಲ್ಲಿ ಕನ್ನಡ ನಾಡಿನ ಕೊಡುಗೆಯನ್ನೂ ಪಾಠದಲ್ಲಿ ಸೇರಿಸುವುದು ಸೂಕ್ತ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಸಂಕರಗೊಳಿಸಿ ರೂಪಿಸಿದ ‘ವರಲಕ್ಷ್ಮಿ’ ತಳಿಯು 1972ರಲ್ಲಿ ರೈತರ ಕೈ ಸೇರಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಹಾಗೂ ಆಫ್ರಿಕದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ನೀಡಿದರು. ರಾಗಿಯ ಹೂವು ಅತಿ ಚಿಕ್ಕದು ಮತ್ತು ಸ್ವಕೀಯ ಪರಾಗಸ್ಪರ್ಶ ಹೊಂದುವಂಥದ್ದು. ಒಂದು ರಾಗಿ ತೆನೆಯನ್ನು ಬಿಡಿಸಿ ನೋಡಿದ ವಿದ್ಯಾರ್ಥಿಗೆ ಆ ಕೆಲಸದಲ್ಲಿ ಬೇಕಾದ ತಾಳ್ಮೆಯ ಅರಿವಾಗುತ್ತದೆ.

ಅಂಗಳದಲ್ಲಿ ಸಂಜೆಮಲ್ಲಿಗೆಯಿದ್ದರೆ ಅಪೂರ್ಣ ಪ್ರಾಬಲ್ಯದ ಪಾಠಕ್ಕೆ ಅದೇ ಉದಾಹರಣೆ. ಶುದ್ಧ ಕೆಂಪು ಮತ್ತು ಶುದ್ಧ ಬಿಳಿ ಹೂವಿನ ಗಿಡಗಳ ಸಂಕರದಿಂದ ಗುಲಾಬಿ ಬಣ್ಣದ ಹೂವು ಬರುತ್ತದೆ. ಆ ಗುಲಾಬಿ ಗಿಡಗಳ ಸಂತತಿಯಲ್ಲಿ ಕೆಂಪು, ಗುಲಾಬಿ, ಬಿಳಿ 1:2:1ರ ಅನುಪಾತದಲ್ಲಿ ಹಂಚಿಹೋಗುತ್ತವೆ. ಆದರೆ ಹಿತ್ತಿಲಲ್ಲಿ ಹಳದಿ ಹೂವೂ ಕಾಣುತ್ತದೆ, ಒಂದೇ ಹೂವಿನಲ್ಲಿ ಎರಡು ಬಣ್ಣದ ಚುಕ್ಕೆಗಳೂ ಕಾಣುತ್ತವೆ. ವಿದ್ಯಾರ್ಥಿಯು ಇದರ ಬಗ್ಗೆ ಪ್ರಶ್ನಿಸಿದರೆ, ಪಠ್ಯದಲ್ಲಿರುವುದು ಸರಳಗೊಳಿಸಿದ ಉದಾಹರಣೆಯೆಂದೂ ಹೂವಿನ ಬಣ್ಣದಲ್ಲಿ ಒಂದಕ್ಕಿಂತ ಹೆಚ್ಚು ವಂಶವಾಹಿಗಳ ಪಾತ್ರವಿದೆಯೆಂದೂ ತಿಳಿಸಬೇಕು.

ಅಡುಗೆಮನೆಯಲ್ಲಿ ಡಿಎನ್‌ಎ

ಅರ್ಧ ಮಾಗಿದ ಬಾಳೆಹಣ್ಣನ್ನು ಅರ್ಧ ಲೋಟ ನೀರಿನಲ್ಲಿ ಕಿವುಚಿ, ಅದಕ್ಕೆ ಕಾಲು ಚಮಚ ಉಪ್ಪು ಮತ್ತು ಒಂದು ಚಮಚ ಪಾತ್ರೆ ತೊಳೆಯುವ ದ್ರವವನ್ನು ನೊರೆಯೇಳದಂತೆ ನಿಧಾನವಾಗಿ ಬೆರೆಸಬೇಕು. ಹತ್ತು ನಿಮಿಷಗಳ ನಂತರ ತೆಳುವಾದ ಬಟ್ಟೆಯಲ್ಲಿ ಸೋಸಿ, ಸೋಸಿದ ದ್ರವವನ್ನು ಗಾಜಿನ ಲೋಟಕ್ಕೆ ಹಾಕಿ, ತಣ್ಣಗಿರುವ ಸರ್ಜಿಕಲ್ ಸ್ಪಿರಿಟ್ಟನ್ನು ಲೋಟದ ಅಂಚಿನಿಂದ ಮೆಲ್ಲಗೆ ಇಳಿಬಿಡಬೇಕು. ಕೆಲವೇ ನಿಮಿಷಗಳಲ್ಲಿ ಎರಡು ದ್ರವಗಳು ಸೇರುವಲ್ಲಿ ಬಿಳಿಯ ನೂಲಿನಂಥ ಪದಾರ್ಥವು ಕಾಣಿಸಿಕೊಳ್ಳುತ್ತದೆ. ಮಾರ್ಜಕವು ಜೀವಕೋಶದ ಪೊರೆಯ ಕೊಬ್ಬನ್ನು ಕರಗಿಸುತ್ತದೆ. ಉಪ್ಪು ಡಿಎನ್‌ಎ ಎಳೆಗಳು ಒಟ್ಟುಗೂಡಲು ನೆರವಾಗುತ್ತದೆ. ಸ್ಪಿರಿಟ್ಟಿನಲ್ಲಿ ಡಿಎನ್‌ಎ ಕರಗದಿರುವುದರಿಂದ ಹೊರಬಂದು ನಿಲ್ಲುತ್ತದೆ. ಹೀಗೆ ಕಂಡದ್ದು ಅಸಂಖ್ಯಾತ ಎಳೆಗಳ ಗುಂಪು, ಅದರೊಂದಿಗೆ ಪ್ರೋಟೀನುಗಳೂ ಸೇರಿರುತ್ತವೆ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ವಿವರಿಸಿದ ಜೋಡಿ ಸುರುಳಿಯನ್ನು ಕಣ್ಣಾರೆ ಕಂಡೆವೆಂದು ವಿದ್ಯಾರ್ಥಿಗಳು ತಿಳಿಯದಂತೆ ನೋಡಿಕೊಳ್ಳಬೇಕು.

ಸ್ಪಿರಿಟ್ ಬಹುಬೇಗ ಬೆಂಕಿ ಹತ್ತಿಕೊಳ್ಳುವ ಪದಾರ್ಥ. ಒಲೆ, ದೀಪ, ಊದುಬತ್ತಿ ಹತ್ತಿರವಿರಬಾರದು, ಹಿರಿಯರೊಬ್ಬರು ಜೊತೆಗಿರತಕ್ಕದ್ದು, ಮಿಶ್ರಣವನ್ನು ಯಾರೂ ಬಾಯಿಗೆ ಹಾಕಬಾರದು. ಇದಕ್ಕೆ ಅನುಕೂಲವಿಲ್ಲದ ಮನೆಗಳ ವಿದ್ಯಾರ್ಥಿಗಳಿಗೆ ಶಿಕ್ಷಕರು ತಾವೇ ಮಾಡಿದ ಪ್ರಯೋಗದ ಕಿರು ವಿಡಿಯೊ ಕಳುಹಿಸಿದರೆ ಸಾಕು.

ಗಂಡೋ ಹೆಣ್ಣೋ: ಒಂದು ತಪ್ಪು ತಿಳಿವಳಿಕೆಯ ನಿವಾರಣೆ

ಮನೆಯಲ್ಲಿ ನಡೆಯುವ ಪಾಠವನ್ನು ವಿದ್ಯಾರ್ಥಿಯೊಬ್ಬನೇ ಕೇಳುವುದಿಲ್ಲ. ಅಡುಗೆಮನೆಯಲ್ಲಿರುವ ತಾಯಿ, ಜಗಲಿಯಲ್ಲಿರುವ ಅಜ್ಜಿ, ಹೊಲದಿಂದ ಬಂದ ತಂದೆ ಎಲ್ಲರ ಕಿವಿಗೂ ಅದು ಬೀಳುತ್ತದೆ. ಲಿಂಗ ನಿರ್ಧಾರದ ಪಾಠವನ್ನು ಈ ಎಚ್ಚರದಿಂದಲೇ ಸಿದ್ಧಪಡಿಸಬೇಕು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಸೊಸೆಯನ್ನು ದೂಷಿಸುವ ಮನೆಗಳು ಇಂದಿಗೂ ಇವೆ. ತಾಯಿಯ ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ವರ್ಣತಂತುವೇ ಇರುತ್ತದೆ. ತಂದೆಯ ವೀರ್ಯಾಣುಗಳಲ್ಲಿ ಸುಮಾರು ಅರ್ಧದಷ್ಟು ಎಕ್ಸ್ ಹೊಂದಿದ್ದರೆ ಉಳಿದರ್ಧ ವೈ ಹೊಂದಿರುತ್ತವೆ. ಮಗುವಿನ ಲಿಂಗವು ಯಾವ ವೀರ್ಯಾಣು ಅಂಡಾಣುವನ್ನು ಸೇರಿತು ಎಂಬುದರ ಮೇಲೆ ನಿಲ್ಲುತ್ತದೆ; ತಾಯಿಯ ಪಾಲು ಅದರಲ್ಲಿ ಬದಲಾಗುವುದೇ ಇಲ್ಲ.

ಹಾಗೆಂದು ದೂಷಣೆಯನ್ನು ತಂದೆಯ ಮೇಲೆ ಹೊರಿಸುವುದೂ ಸರಿಯಲ್ಲ. ಯಾವ ವೀರ್ಯಾಣು ಮೊದಲು ಸೇರುವುದೆಂಬುದು ಯಾರ ಇಚ್ಛೆಗೂ ಒಳಪಟ್ಟಿಲ್ಲ. ನಾಣ್ಯ ಚಿಮ್ಮುವ ಪ್ರಯೋಗ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಮೂರು ಬಾರಿ ಅಂಕಿಯೇ ಬಿದ್ದ ಮಾತ್ರಕ್ಕೆ ನಾಲ್ಕನೇ ಬಾರಿ ಸಿಂಹ ಬರಲೇಬೇಕೆಂದಿಲ್ಲ. ನಾಣ್ಯಕ್ಕೆ ಹಿಂದಿನದರ ನೆನಪಿಲ್ಲ. ಹಾಗೆಯೇ ಮೂರು ಹೆಣ್ಣುಮಕ್ಕಳಾದ ಮೇಲೆ ನಾಲ್ಕನೆಯದು ಗಂಡೇ ಆಗುವುದೆಂಬ ನಂಬಿಕೆಗೂ ಆಧಾರವಿಲ್ಲ. ಸಂಭವವು ಪ್ರತಿ ಬಾರಿಯೂ ಸುಮಾರು ಅರ್ಧವೇ. ಭ್ರೂಣದ ಲಿಂಗ ಪತ್ತೆ ಮಾಡುವುದು 1994ರ ಗರ್ಭಪೂರ್ವ ಮತ್ತು ಪ್ರಸವಪೂರ್ವ ಲಿಂಗ ಪತ್ತೆ ತಂತ್ರಗಳ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧವೆಂಬುದನ್ನೂ ಈ ಸಂದರ್ಭದಲ್ಲಿ ತಿಳಿಸುವುದು ಉಚಿತ.

ಕುಟುಂಬದ ಲಕ್ಷಣಗಳ ಸಮೀಕ್ಷೆ: ಎಚ್ಚರಿಕೆ ಅಗತ್ಯ

ಕಿವಿಯ ಹಾಲೆ ಬಿಡಿಯಾಗಿದೆಯೋ ಅಂಟಿಕೊಂಡಿದೆಯೋ ಎಂದು ನೋಡಿ ಪಟ್ಟಿ ಮಾಡುವ ಚಟುವಟಿಕೆಯು ಪಠ್ಯದಲ್ಲಿದೆ. ನಾಲಿಗೆಯನ್ನು ಸುರುಳಿ ಸುತ್ತುವ ಚಟುವಟಿಕೆಯೂ ಅನೇಕ ಕಡೆ ರೂಢಿಯಲ್ಲಿದೆ. ತರಗತಿಯ ಸಹಪಾಠಿಗಳಲ್ಲಿ ಇದನ್ನು ಎಣಿಸುವುದು ನಿರಪಾಯಕರ. ಆದರೆ ಅದೇ ಚಟುವಟಿಕೆ ಮನೆಗೆ ಬಂದಾಗ ವಿದ್ಯಾರ್ಥಿಯು ತಂದೆ-ತಾಯಿಯ ಕಿವಿಯೊಂದಿಗೆ ತನ್ನ ಕಿವಿಯನ್ನು ಹೋಲಿಸಲು ತೊಡಗುತ್ತಾನೆ. ಒಂದೇ ವಂಶವಾಹಿಯ ನಿಯಮಕ್ಕೆ ಹೊಂದದ ಫಲಿತಾಂಶ ಬಂದರೆ ಇಲ್ಲದ ಸಂಶಯವೊಂದು ಮನೆಯೊಳಗೆ ಹುಟ್ಟಬಹುದು.

ವಾಸ್ತವದಲ್ಲಿ ಈ ಲಕ್ಷಣಗಳು ಒಂದೇ ವಂಶವಾಹಿಯಿಂದ ನಿರ್ಧಾರವಾಗುವುದಿಲ್ಲ. ಕಿವಿಹಾಲೆಯ ರೂಪದಲ್ಲಿ ಹತ್ತಾರು ವಂಶವಾಹಿ ಪ್ರದೇಶಗಳ ಪ್ರಭಾವವಿದೆಯೆಂದು 2017ರಲ್ಲಿ ಪ್ರಕಟವಾದ ವಿಸ್ತೃತ ಅಧ್ಯಯನವು ತೋರಿಸಿದೆ. ನಾಲಿಗೆ ಸುರುಳಿಯ ವಿಷಯದಲ್ಲಿ, ಒಂದೇ ವಂಶವಾಹಿ ಸಮೂಹವುಳ್ಳ ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಸಾಧ್ಯವಾದದ್ದು ಇನ್ನೊಬ್ಬರಿಗೆ ಆಗದಿರುವುದನ್ನು 1950ರ ದಶಕದಲ್ಲೇ ಗುರುತಿಸಲಾಗಿದೆ. ಎತ್ತರ, ಚರ್ಮದ ಬಣ್ಣಗಳಂತೂ ಅನೇಕ ವಂಶವಾಹಿಗಳು ಹಾಗೂ ಪರಿಸರ ಸೇರಿ ರೂಪಿಸುವ ಲಕ್ಷಣಗಳು.

ರಕ್ತದ ಗುಂಪು ಇವುಗಳಿಗಿಂತ ನಿಖರವಾದ ಉದಾಹರಣೆಯಾದರೂ ಅದರಲ್ಲೂ ಅಪವಾದಗಳಿವೆ. 1952ರಲ್ಲಿ ಮುಂಬಯಿಯಲ್ಲಿ ಮೊದಲು ಗುರುತಿಸಲಾದ ‘ಬಾಂಬೆ ರಕ್ತದ ಗುಂಪಿನ’ ವ್ಯಕ್ತಿಯಲ್ಲಿ ಎ ಅಥವಾ ಬಿ ವಂಶವಾಹಿ ಇದ್ದರೂ ಸಾಧಾರಣ ಪರೀಕ್ಷೆಯಲ್ಲಿ ರಕ್ತವು ‘ಒ’ ಎಂದೇ ಕಾಣುತ್ತದೆ. ಆದುದರಿಂದ ವಿದ್ಯಾರ್ಥಿಗಳು ತಮ್ಮ ಕುಟುಂಬದ ರಕ್ತದ ಗುಂಪುಗಳನ್ನು ಕಳುಹಿಸುವಂತೆ ಕೇಳಬಾರದು. ಶಿಕ್ಷಕರು ಕಲ್ಪಿತ ಕುಟುಂಬವೊಂದರ ವಿವರ ನೀಡಿ ವಂಶವೃಕ್ಷ ರಚಿಸಲು ಹೇಳುವುದೇ ಸೂಕ್ತ ಕ್ರಮ. ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಮಕ್ಕಳು, ದತ್ತು ಮಕ್ಕಳು, ಅಜ್ಜ-ಅಜ್ಜಿಯ ಆಶ್ರಯದಲ್ಲಿ ಬೆಳೆಯುತ್ತಿರುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಕಲ್ಪಿತ ಕುಟುಂಬದ ವಂಶವೃಕ್ಷವನ್ನು ಅವರೆಲ್ಲರೂ ಸಮಾನವಾಗಿ ರಚಿಸಬಲ್ಲರು. ಯಾವುದೇ ಸಂದರ್ಭದಲ್ಲಿ ಕುಟುಂಬದ ಆರೋಗ್ಯದ ವಿವರವನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿಕೊಳ್ಳತಕ್ಕದ್ದಲ್ಲ.

ಅನುವಂಶೀಯ ಕಾಯಿಲೆಗಳ ಪಾಠ

ಸಿಕಲ್ ಸೆಲ್ ರಕ್ತಹೀನತೆ, ಥಲಸ್ಸೇಮಿಯ ಮತ್ತು ಹಿಮೋಫಿಲಿಯ ಇವು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಸೇರಿರುವ ಅನುವಂಶೀಯ ರಕ್ತದ ಕಾಯಿಲೆಗಳು. ಮನೆಯಿಂದ ಕಲಿಯುತ್ತಿರುವ ವಿದ್ಯಾರ್ಥಿಯು ಇವುಗಳಲ್ಲಿ ಒಂದರ ಕಾರಣದಿಂದಲೇ ಶಾಲೆಗೆ ಬರಲಾಗದಿರಬಹುದು. ಆ ವಿದ್ಯಾರ್ಥಿಗೆ ಪಠ್ಯದ ಈ ಪುಟವು ತನ್ನ ದೇಹದ ಕುರಿತಾದ ಪುಟ. ಆದುದರಿಂದ ಪಾಠಕ್ಕೆ ಮೊದಲೇ ಆತನೊಂದಿಗೂ ಪೋಷಕರೊಂದಿಗೂ ಪ್ರತ್ಯೇಕವಾಗಿ ಮಾತನಾಡಿ, ವಿಷಯವನ್ನು ಹೇಗೆ ಮಂಡಿಸಲಾಗುವುದೆಂದು ತಿಳಿಸುವುದು ಮಾನವೀಯವೂ ಹೌದು, ಅಗತ್ಯವೂ ಹೌದು.

ಸಿಕಲ್ ಸೆಲ್ ಕಾಯಿಲೆಯಲ್ಲಿ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಇರುತ್ತದೆ. ಈ ಒಂದೇ ಬದಲಾವಣೆಯಿಂದ ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗಿ ಕಿರಿದಾದ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ನೋವುಂಟಾಗುತ್ತದೆ. ತಂದೆ-ತಾಯಿ ಇಬ್ಬರೂ ಒಂದೊಂದು ಬದಲಾದ ವಂಶವಾಹಿಯನ್ನು ಹೊಂದಿದ ವಾಹಕರಾಗಿದ್ದರೆ, ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲೊಂದು. ವಾಹಕರು ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುತ್ತಾರೆ.

‘ನಾಲ್ಕರಲ್ಲೊಂದು’ ಎಂಬ ಮಾತನ್ನು ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಖಂಡಿತ ಎಂದೂ, ಒಬ್ಬರಿಗೆ ಬಂದರೆ ಉಳಿದವರು ಪಾರಾದಂತೆ ಎಂದೂ ತಪ್ಪಾಗಿ ತಿಳಿಯುವವರು ಬಹಳ. ನಾಲ್ಕು ಮಕ್ಕಳಿರುವ ಇಂತಹ ಕುಟುಂಬಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ ಯಾರಿಗೂ ಕಾಯಿಲೆ ಇರುವುದಿಲ್ಲ. ಸುಮಾರು 42ರಲ್ಲಿ ಒಬ್ಬರಿಗೆ ಇರುತ್ತದೆ. ಉಳಿದವುಗಳಲ್ಲಿ ಇಬ್ಬರು ಅಥವಾ ಹೆಚ್ಚು ಮಕ್ಕಳಿಗೆ ಇರುತ್ತದೆ. ನಾಣ್ಯಗಳನ್ನು ನಾಲ್ಕು ನಾಲ್ಕು ಬಾರಿ ಚಿಮ್ಮಿ ಗುಂಪು ಮಾಡಿದರೆ ಇದೇ ಚಿತ್ರ ಮೂಡುತ್ತದೆ. ಕಾಯಿಲೆಯು ಶಾಪವಲ್ಲ, ಹಿಂದಿನ ತಪ್ಪಿನ ಫಲವೂ ಅಲ್ಲ ಎಂಬುದನ್ನು ಲೆಕ್ಕವೇ ಹೇಳುತ್ತದೆ.

ಸೋದರಮಾವನೊಡನೆ, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಡನೆ ವಿವಾಹವಾಗುವ ಪದ್ಧತಿ ನಮ್ಮಲ್ಲಿ ರೂಢಿಯಲ್ಲಿರುವುದರಿಂದ ಅದರ ಕುರಿತ ಪ್ರಶ್ನೆಗಳೂ ಬರುತ್ತವೆ. ಮಗುವಿನ ಒಂದು ವಂಶವಾಹಿ ಜೋಡಿಯ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವವು ಸೋದರಮಾವ-ಸೊಸೆಯ ವಿವಾಹದಲ್ಲಿ ಎಂಟರಲ್ಲೊಂದು, ಅತ್ತೆ-ಮಾವನ ಮಕ್ಕಳ ವಿವಾಹದಲ್ಲಿ ಹದಿನಾರರಲ್ಲೊಂದು. ಇದರಿಂದ ವಿರಳವಾದ ದುರ್ಬಲ ವಂಶವಾಹಿಯ ಕಾಯಿಲೆಗಳು ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಇಂತಹ ವಿವಾಹದ ಬಹುಪಾಲು ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆ. ಎರಡೂ ಮಾತುಗಳನ್ನು ಒಟ್ಟಿಗೆ ಹೇಳಬೇಕು. ವಿದ್ಯಾರ್ಥಿಯ ತಂದೆ-ತಾಯಿಯೇ ಅಂತಹ ಸಂಬಂಧದವರಾಗಿರಬಹುದೆಂಬುದು ನೆನಪಿರಲಿ.

2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನಾ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2047ರೊಳಗೆ ಕಾಯಿಲೆಯನ್ನು ನಿವಾರಿಸುವುದು ಅದರ ಗುರಿ. ತಪಾಸಣೆ ಹಾಗೂ ಸಲಹೆಗಾಗಿ ಆಶಾ ಕಾರ್ಯಕರ್ತೆಯರನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವಂತೆ ತಿಳಿಸಬೇಕು. ವೈದ್ಯಕೀಯ ತೀರ್ಮಾನ ಹೇಳುವುದು ಶಿಕ್ಷಕರ ಕೆಲಸವಲ್ಲ.

ಸಮಯ, ಸಂಪರ್ಕ ಮತ್ತು ಮೌಲ್ಯಮಾಪನ

ಅನೇಕ ಮನೆಗಳಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್. ಹಗಲಿನಲ್ಲಿ ಅದು ದುಡಿಮೆಗೆ ಹೋದವರ ಜೇಬಿನಲ್ಲಿರುತ್ತದೆ. ಆದುದರಿಂದ ಒಂದು ಗಂಟೆಯ ನೇರ ತರಗತಿಗಿಂತ, ಯಾವಾಗ ಬೇಕಾದರೂ ಕೇಳಬಹುದಾದ ನಾಲ್ಕೈದು ನಿಮಿಷಗಳ ಧ್ವನಿಮುದ್ರಿತ ಪಾಠ ಹೆಚ್ಚು ಜನರನ್ನು ತಲುಪುತ್ತದೆ. ಒಂದು ವಾರದ ಪಾಠವನ್ನು ಹೀಗೆ ಹಂಚಬಹುದು: ಮೊದಲ ದಿನ ಧ್ವನಿ ಪಾಠ ಮತ್ತು ಒಂದು ಪ್ರಶ್ನೆ, ಎರಡು ಮತ್ತು ಮೂರನೇ ದಿನ ಮನೆಯಲ್ಲಿ ಪ್ರಯೋಗ, ನಾಲ್ಕನೇ ದಿನ ಅಂಕಿಗಳ ಸಂಗ್ರಹ, ಐದನೇ ದಿನ ಸಂಜೆ ಅರ್ಧ ಗಂಟೆಯ ನೇರ ಮಾತುಕತೆ, ಅದರಲ್ಲಿ ಒಟ್ಟು ಫಲಿತಾಂಶದ ಚರ್ಚೆ.

ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳು ಈ ಕಾರ್ಯಕ್ಕೆ ನೆರವಾಗಬಲ್ಲವು. ಮುದ್ರಿತ ಹಾಳೆಗಳನ್ನು ಅಲ್ಲಿಡುವುದು, ಕಂಪ್ಯೂಟರ್ ಇರುವಲ್ಲಿ ವಿಡಿಯೊಗಳನ್ನು ಮುಂಚಿತವಾಗಿ ಇಳಿಸಿಕೊಂಡಿರುವುದು, ಫೋನಿಲ್ಲದ ಮನೆಯ ಅಂಕಿಯನ್ನು ಶಿಕ್ಷಕರಿಗೆ ತಲುಪಿಸುವುದು ಇವುಗಳನ್ನು ಗ್ರಂಥಾಲಯ ಮೇಲ್ವಿಚಾರಕರ ಸಹಕಾರದಿಂದ ಮಾಡಬಹುದಾಗಿದೆ. ಹಾಸಿಗೆ ಹಿಡಿದ ವಿದ್ಯಾರ್ಥಿಗೆ ಹಾಳೆಯನ್ನು ಮನೆಗೇ ಮುಟ್ಟಿಸಲು ನೆರೆಯ ಸಹಪಾಠಿಯೊಬ್ಬನನ್ನು ಗೊತ್ತುಮಾಡುವುದು ಒಳಿತು.

ಮೌಲ್ಯಮಾಪನದಲ್ಲಿ ಅನುಪಾತವನ್ನು ಬಾಯಿಪಾಠ ಒಪ್ಪಿಸುವುದಕ್ಕಿಂತ ಕಾರಣ ಹೇಳುವುದಕ್ಕೆ ಬೆಲೆಯಿರಬೇಕು. ‘ನಿನ್ನ ಮನೆಯಲ್ಲಿ 5ರ ಬದಲು 8 ಬಂದದ್ದೇಕೆ?’, ‘ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಕೊಳ್ಳುವುದೇಕೆ?’, ‘ಹೆಣ್ಣು ಹೆತ್ತಳೆಂದು ತಾಯಿಯನ್ನು ದೂಷಿಸುವುದು ಏಕೆ ತಪ್ಪು?’ ಇಂತಹ ಒಂದು ಪ್ರಶ್ನೆಗೆ ವಿದ್ಯಾರ್ಥಿಯು ತನ್ನದೇ ಮಾತಿನಲ್ಲಿ ಎರಡು ನಿಮಿಷ ಮಾತನಾಡಿ ಕಳುಹಿಸಿದರೆ, ಹತ್ತು ಬಹು ಆಯ್ಕೆಯ ಪ್ರಶ್ನೆಗಳಿಗಿಂತ ಹೆಚ್ಚಿನದು ಶಿಕ್ಷಕರಿಗೆ ತಿಳಿಯುತ್ತದೆ. ಆ ಉತ್ತರವನ್ನು ಮನೆಯವರ ಎದುರಿಗೇ ಹೇಳಿ ಮುದ್ರಿಸುವಂತೆ ಸೂಚಿಸಿದಲ್ಲಿ, ಪಾಠವು ವಿದ್ಯಾರ್ಥಿಯೊಂದಿಗೆ ಆತನ ಕುಟುಂಬಕ್ಕೂ ತಲುಪಿದಂತಾಗುತ್ತದೆ.